ಬಾಹುಬಲಿ ಹಗ್ಗ ಹಿಡಿದ ಬೇಸಿಗೆ

ಹೋದ ತಿಂಗಳು ಮೂಡಲಗಿಯಲ್ಲಿ ನನ್ನ ಸ್ಕೂಟರ್ ಪಂಕ್ಚರ್ ಆಯಿತು. ಅಂಗಡಿಯವನು ಹೊಸ ಟ್ಯೂಬಿನ ಮಡಿಕೆ ಬಿಚ್ಚಿ ಕೊಡವಿದ. ಅದಕ್ಕೆ ಸವರಿದ್ದ ಬಿಳಿ ಪೌಡರು ಎದ್ದು ಮೂಗಿಗೆ ಬಡಿಯಿತು. ರಬ್ಬರು, ಪೌಡರು, ಮೇಲೆ ಬಿಸಿಲು. ಬಾಯೊಳಗೆ ಏನನ್ನೋ ಕಚ್ಚಿ ಹಿಡಿದ ಹಾಗಾಗಿ ನಾನು ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟೆ.

"ನೀರ ಕುಡೀತೀರೇನ್ರಿ ಕಾಕಾ?" ಎಂದು ಅವನು ಕೇಳಿದ.

ಬೇಡವೆಂದು ಕೈಯಾಡಿಸಿದೆ. ನೀರಿನಡಿ ಹೋಗುವಾಗ ಹಾಕಿಕೊಳ್ಳುತ್ತಿದ್ದ ರಬ್ಬರಿನ ಅಂಗಿಗೆ ನಾವು ಇಂಥದೇ ಪೌಡರು ಸವರಿ ಇಡುತ್ತಿದ್ದೆವು. ಇಲ್ಲವಾದರೆ ಬೇಸಿಗೆಯ ಕಾವಿಗೆ ಅದು ತನಗೆ ತಾನೇ ಅಂಟಿಕೊಳ್ಳುತ್ತಿತ್ತು. ನಾವು ಎಂದರೆ ನಾನು ಮತ್ತು ಬಾಹುಬಲಿ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆ ಆ ಪೌಡರಿನ ಜೊತೆ ಎದ್ದು ಬಂತು.

ನಾನು ಮಮದಾಪುರದವನು. ಸಾಲಿ ಮುಗಿಸಿ ನೌಕಾಪಡೆ ಸೇರಿ ಅಲ್ಲಿ ಮುಳುಗುವ ಕೆಲಸ ಕಲಿತೆ. ಬಾಹುಬಲಿ ಬೆಲ್ಲದ ಬಾಗೇವಾಡಿಯ ಜೈನರ ಮನೆಯವನು. ತರಬೇತಿಯಲ್ಲಿ ನನ್ನ ಪಕ್ಕದ ಹಾಸಿಗೆ ಅವನದು. ಸಾವಿರ ಮಂದಿಯ ನಡುವೆ ನಮ್ಮಿಬ್ಬರಿಗೇ ತಿಳಿಯುವ ಕನ್ನಡ ಮಾತಾಡುತ್ತ ಗೆಳೆಯರಾದೆವು. ಸೂರ್ಯ ಮುಳುಗಿದ ಮೇಲೆ ಅವನು ಉಣ್ಣುತ್ತಿರಲಿಲ್ಲ. ಹಗಲಿನ ಊಟದಲ್ಲಿ ನನ್ನ ಪಾಲಿನ ಚಪಾತಿ ಎರಡು ಅವನ ತಾಟಿಗೆ ಹೋಗುತ್ತಿದ್ದವು. ಅವನ ಅವ್ವ ಮಾತ್ರ ಕೊನೆಯವರೆಗೂ ಈ ಕೆಲಸ ಒಪ್ಪಲಿಲ್ಲ. "ನಾವು ನೀರು ಸೋಸಿ ಕುಡಿಯೋ ಮಂದಿ. ನೀ ಸೋಸದ ನೀರಾಗ ಹೋಗಿ ಕುಂದ್ರತಿ" ಎನ್ನುತ್ತಿದ್ದಳು.

ಸೇವೆಯ ಅವಧಿ ಮುಗಿಸಿ ಬಂದಾಗ ಇಬ್ಬರೂ ಸೇರಿ ಘಟಪ್ರಭಾ ಸ್ಟೇಷನ್ನಿನ ಹಿಂದೆ ಒಂದು ಕೋಣೆ ಹಿಡಿದೆವು. ಸಿಲಿಂಡರುಗಳು, ಗಾಳಿ ತುಂಬುವ ಹಳೆಯ ಕಂಪ್ರೆಸರ್, ಹಗ್ಗ, ಉಳಿ, ಗರಗಸ. ಆಣೆಕಟ್ಟಿನ ಹಿನ್ನೀರಿನಲ್ಲಿ, ನದಿಯ ದಂಡೆಯಲ್ಲಿ ನೀರೆತ್ತುವ ಜಾಕ್‌ವೆಲ್‌ಗಳಿದ್ದವು. ನೀರೊಳಗೆ ಕಟ್ಟಿದ ದುಂಡನೆಯ ಬಾವಿ, ಮೇಲೆ ಪಂಪಿನ ಮನೆ. ಅವುಗಳ ಬಾಯಿ ಹೂಳಿನಿಂದ ಕಟ್ಟಿದರೆ, ತಳದ ವಾಲ್ವ್ ಕೆಟ್ಟರೆ ನಮಗೆ ಕರೆ ಬರುತ್ತಿತ್ತು. ಬಾಹುಬಲಿಗೆ ಸಂಸಾರವಿತ್ತು. ಸಂಜೆ ಆರರೊಳಗೆ ಬಸ್ಸು ಹತ್ತಿ ಊರಿಗೆ ಹೋಗುತ್ತಿದ್ದ. ನಾನು ಆ ಕೋಣೆಯಲ್ಲೇ ಸಿಲಿಂಡರುಗಳ ಬದಿಗೆ ಹಾಸಿಗೆ ಬಿಡಿಸಿಕೊಳ್ಳುತ್ತಿದ್ದೆ. ಅಪ್ಪ ಅವ್ವ ಇಬ್ಬರೂ ನಾನು ನೌಕರಿಯಲ್ಲಿದ್ದಾಗಲೇ ತೀರಿದ್ದರು. ಒಂದೆರಡು ಕಡೆ ಹೆಣ್ಣು ನೋಡಲು ಹೋಗಿದ್ದೆ. ಮುಳುಗುವವ ಎಂದರೆ ನಮ್ಮ ಕಡೆ ಹೆಣ ತೆಗೆಯುವವ ಎಂದೇ ಅರ್ಥ. ಮಾತು ಮುಂದುವರಿಯಲಿಲ್ಲ. ಖಾನಾವಳಿಯಲ್ಲಿಯೂ ನನ್ನ ಎದುರಿನ ಕುರ್ಚಿ ಹೆಚ್ಚಾಗಿ ಹಾಗೇ ಇರುತ್ತಿತ್ತು.

ಆದರೆ ನೀರಿನೊಳಗೆ ಹಾಗಿರಲಿಲ್ಲ. ಅಲ್ಲಿ ಇಬ್ಬರೂ ಒಟ್ಟಿಗೇ ಇಳಿಯುತ್ತಿದ್ದೆವು. ಬೆನ್ನ ಮೇಲಿನ ಸಿಲಿಂಡರಿನಲ್ಲಿ, ನಮ್ಮ ಮಾತಿನಲ್ಲಿ ಬಾಟ್ಲಿಯಲ್ಲಿ, ಗಾಳಿ ಬಿಗಿಯಾಗಿ ತುಂಬಿರುತ್ತದೆ. ಅದನ್ನು ಉಸಿರಾಡಲು ಆಗುವಷ್ಟು ಸಡಿಲಿಸಿ ಬಾಯಿಗೆ ಕೊಡುವುದು ರೆಗ್ಯುಲೇಟರ್. ಅದರ ತಲೆ ಸಿಲಿಂಡರಿಗೆ ಕಚ್ಚಿರುತ್ತದೆ, ಅಲ್ಲಿಂದ ಹೊರಟ ನಳಿಗೆಯ ತುದಿ ಬಾಯಲ್ಲಿ. ಅದೇ ತಲೆಯಿಂದ ಇನ್ನೊಂದು ಉದ್ದನೆಯ ನಳಿಗೆ ಎಳೆದು ಪಕ್ಕಕ್ಕೆ ಸಿಕ್ಕಿಸಿರುತ್ತಾರೆ. ಅದಕ್ಕೆ ಆಕ್ಟೋಪಸ್ ಎಂದು ಹೆಸರು. ಅದು ನಮಗಾಗಿ ಇರುವುದಲ್ಲ, ಜೊತೆಗಾರನಿಗಾಗಿ. ಅವನ ಗಾಳಿ ನಿಂತರೆ ನನ್ನ ಪಕ್ಕದಲ್ಲಿ ಅವನ ಉಸಿರು ಇದೆ, ನನ್ನದು ನಿಂತರೆ ಅವನ ಪಕ್ಕದಲ್ಲಿ ನನ್ನದು. ಮಣ್ಣುನೀರಿನಲ್ಲಿ ಕಣ್ಣಿಗೆ ಏನೂ ಕಾಣದು. ಎಡಗೈ ಚಾಚಿದರೆ ಅವನ ಭುಜ ಸಿಗುತ್ತಿತ್ತು. ಒಮ್ಮೆ ಒತ್ತಿದರೆ ಅವನೂ ಒಮ್ಮೆ ಒತ್ತುತ್ತಿದ್ದ. ಇಡೀ ದಿನದಲ್ಲಿ ನಾನು ಒಬ್ಬ ಮನುಷ್ಯನನ್ನು ಮುಟ್ಟುತ್ತಿದ್ದದ್ದು ಅಷ್ಟೇ.

ಆ ಬೇಸಿಗೆಯ ಹಿಂದಿನ ಚಳಿಗಾಲದಲ್ಲಿ ಗೋಕಾಕದ ಹತ್ತಿರದ ಒಂದು ಕೆಲಸಕ್ಕೆ ನೆಗಡಿಯಿದ್ದಾಗಲೇ ಬಾಹುಬಲಿ ಇಳಿದ. ಕಿವಿಯ ಒತ್ತಡ ಬಿಡಲಿಲ್ಲ. ಮೇಲೆ ಬಂದಾಗ ಎಡಗಿವಿಯಿಂದ ರಕ್ತ ಇಳಿಯುತ್ತಿತ್ತು, ನೆಟ್ಟಗೆ ನಿಲ್ಲಲಾರದೆ ತೂರಾಡುತ್ತಿದ್ದ. ಬೆಳಗಾವಿಯ ಡಾಕ್ಟರು ತಿಂಗಳುಗಟ್ಟಲೆ ನೋಡಿ ಕೊನೆಗೆ ಹೇಳಿದರು: ಇನ್ನು ಮುಳುಗುವ ಮಾತು ಬೇಡ, ಕೆರೆಯಲ್ಲಿ ಈಸುವುದೂ ಬೇಡ. ಬರುವಾಗ ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದ. ನಾನು ಬಲಗಿವಿಯ ಕಡೆ ಕುಳಿತು ಏನೇನೋ ಮಾತಾಡಿದೆ. ಕೇಳಿಸುತ್ತಿತ್ತೋ ಇಲ್ಲವೋ.

ಬೇಸಿಗೆಯಲ್ಲಿ ಹುಕ್ಕೇರಿ ತಾಲೂಕಿನ ಹಿನ್ನೀರಿನಿಂದ ಒಂದು ಕೆಲಸ ಬಂತು. ನಾಲ್ಕೈದು ಹಳ್ಳಿಯವರು ಸೇರಿ ಮಾಡಿಕೊಂಡ ನೀರಾವರಿ. ಹಿನ್ನೀರಿನ ಕಡೆಯಿಂದ ಜಾಕ್‌ವೆಲ್ಲಿಗೆ ನೀರು ತರುವ ಅಡ್ಡ ಪೈಪು ಹೂಳು ತುಂಬಿ, ಮೀನಿನ ಬಲೆ ಸಿಕ್ಕಿ ಕಟ್ಟಿಹೋಗಿತ್ತು. ಒಬ್ಬ ಮನುಷ್ಯ ತೆವಳಿ ಹೋಗುವಷ್ಟೇ ಅಗಲ. ಮಳೆ ಹಿಡಿದು ನೀರು ಏರುವ ಮೊದಲು ಮುಗಿಯಬೇಕು.

"ನಾ ಇಳೀತೇನಿ, ನೀ ಹಗ್ಗ ಹಿಡಿ" ಎಂದೆ.

"ಹಗ್ಗ ಹಿಡೀತೇನಿ. ಆದ್ರ ಈ ಸೆಟ್ಟಿನ ಮ್ಯಾಲೆ ನಿನ್ನ ಇಳಸಂಗಿಲ್ಲ" ಎಂದ.

"ಯಾಕ, ಆಕ್ಟೋಪಸ್ ಐತಲ್ಲ."

"ಬಾಯಾಗಿಂದೂ ಅದ ಬಾಟ್ಲಿದು, ಬಾಜೂಕಿಂದೂ ಅದ ಬಾಟ್ಲಿದು. ಬಾಟ್ಲಿನೇ ಕೈಕೊಟ್ರ? ಮೊದಲ ಬಾಜೂಕ ನಾ ಇರ್ತಿದ್ದೆ, ಇನ್ನೊಂದು ಬಾಟ್ಲಿ ಇರ್ತಿತ್ತು. ಈಗ ಯಾರದಾರ?"

ನಾನು ಹಲವು ದಿನ ವಾದ ಮಾಡಿದೆ. ಪೇಚಾಟ ಸಲಕರಣೆಯದಾಗಿರಲಿಲ್ಲ. ಬೇರೆ ಬಾಟ್ಲಿ ಕಟ್ಟಿಕೊಂಡು ಇಳಿದೆನೆಂದರೆ ಬಾಹುಬಲಿ ಮತ್ತೆಂದೂ ಇಳಿಯುವುದಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗೆ. ಕಿವಿ ಇಂದಲ್ಲ ನಾಳೆ ವಾಸಿಯಾದೀತು ಎಂದು ನನಗೊಂದು ಆಸೆಯಿತ್ತು. ಅವನಿಗೆ ಇರಲಿಲ್ಲ.

ಕೋಣೆಯ ನೆಲದ ಮೇಲೆ ಸಾಮಾನು ಹರವಿಕೊಂಡು ಒಂದೊಂದನ್ನೇ ತೂಗಿ ನೋಡಿದೆವು. ಬೆನ್ನಿಗೆ ಜೋಡಿ ಸಿಲಿಂಡರು ಕಟ್ಟಿದರೆ ಗಾಳಿ ಬೇಕಾದಷ್ಟು, ಆದರೆ ಆ ಅಗಲಕ್ಕೆ ಪೈಪಿನೊಳಗೆ ನಾನು ಹಿಡಿಸುವುದಿಲ್ಲ. ಮೇಲಿನ ಕಂಪ್ರೆಸರಿನಿಂದ ಉದ್ದ ನಳಿಗೆ ಬಿಟ್ಟರೆ ಪೈಪಿನ ಅಂಚಿಗೆ ಅದು ಮಡಚೀತು. ಕೈಯಲ್ಲಿ ಹಿಡಿಯುವಷ್ಟು ಪುಟ್ಟ ಬಾಟ್ಲಿಯೂ ಮುಂಬಯಿಯಲ್ಲಿ ಸಿಗುತ್ತಿತ್ತು. ಅದರ ಮೇಲೇ ಬಾಯಿಗಿಡುವ ತುದಿ ಇರುತ್ತದೆ. ಆದರೆ ಅದರಲ್ಲಿರುವುದು ಕೆಲವೇ ಉಸಿರು. ಬಯಲು ನೀರಿನಲ್ಲಿ ನೆಟ್ಟಗೆ ಮೇಲೆ ಬರುವವನಿಗೆ ಅದು ಸಾಕು, ಪೈಪಿನಿಂದ ಹಿಂದಕ್ಕೆ ತೆವಳುವವನಿಗೆ ಸಾಲದು. ಉಳಿದದ್ದು ಒಂದೇ ದಾರಿ. ಬಗಲಿಗೆ ಕಟ್ಟುವಂಥ ಸಣ್ಣ ಸಿಲಿಂಡರು. ಅದಕ್ಕೆ ಅದರದೇ ರೆಗ್ಯುಲೇಟರ್, ಅದರದೇ ಒತ್ತಡದ ಮೀಟರ್. ದೊಡ್ಡದರ ಜೊತೆ ಯಾವ ಸಂಬಂಧವೂ ಇಲ್ಲದ್ದು.

ಬಾಹುಬಲಿ ತಾನೇ ರೈಲು ಹತ್ತಿ ಮುಂಬಯಿಗೆ ಹೋಗಿ ಹಳೆಯ ಸಾಮಾನಿನ ಬಜಾರಿನಲ್ಲಿ ಅದನ್ನು ಹುಡುಕಿ ತಂದ. ಸಿಲಿಂಡರನ್ನು ಅಲ್ಲೇ ಒತ್ತಡಕ್ಕೆ ಹಾಕಿಸಿ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದ. ರೆಗ್ಯುಲೇಟರನ್ನು ಬಿಚ್ಚಿ, ಒಳಗಿನ ರಬ್ಬರಿನ ಬಳೆಗಳನ್ನೆಲ್ಲ ಬದಲಿಸಿ, ಮತ್ತೆ ಜೋಡಿಸಿದ. ಅದರ ಬಾಯಿಯ ತುದಿಗೆ ಹಳದಿ ಪಟ್ಟಿ ಸುತ್ತಿದ. ಆಮೇಲೆ ಅದನ್ನು ಒಂದು ರಬ್ಬರಿನ ಕುಣಿಕೆಗೆ ಪೋಣಿಸಿ ನನ್ನ ಕೊರಳಿಗೆ ಹಾಕಿದ.

"ಇದನ್ನ ಹುಡಕಾಕ ಹತ್ತಬಾರ್ದು. ಗದ್ದ ಬಗ್ಗಿಸಿದ್ರ ಬಾಯಿಗೆ ಸಿಗಬೇಕು. ವಾಲ್ವ್ ಮ್ಯಾಲೇ ತಗದು ಇಳೀಬೇಕು, ಕೆಳಗ ತಿರಗಿಸೂದು ಬ್ಯಾಡ" ಎಂದ.

ಅಭ್ಯಾಸಕ್ಕೆ ಮಮದಾಪುರದ ನಮ್ಮ ಹೊಲದ ಬಾವಿಗೆ ಹೋದೆವು. ಮುಖವಾಡದ ಗಾಜಿಗೆ ಬಟ್ಟೆ ಕಟ್ಟಿ ನನ್ನನ್ನು ಇಳಿಸುತ್ತಿದ್ದ. ಹಗ್ಗವನ್ನು ಜಗ್ಗಿದ ಕೂಡಲೇ ನಾನು ಬಾಯಲ್ಲಿದ್ದದ್ದನ್ನು ಉಗುಳಿ ಕೊರಳಿನದನ್ನು ಕಚ್ಚಬೇಕು. ಮೊದಮೊದಲು ನನ್ನ ಕೈ ಅಭ್ಯಾಸದಂತೆ ಪಕ್ಕದ ಆಕ್ಟೋಪಸ್ಸಿಗೇ ಹೋಗುತ್ತಿತ್ತು. ಮೇಲೆ ಬಂದರೆ ಬಾಹುಬಲಿಯ ಬೈಗುಳ. ಪಕ್ಕದ ಹೊಲದ ಮುದುಕಿಯೊಬ್ಬಳು ದಿನಾ ಬಂದು ಬಾವಿಯ ಕಟ್ಟೆಗೆ ಕೂರುತ್ತಿದ್ದಳು.

"ಯಪ್ಪಾ, ಕೆಳಗ ಏನ್ ಹುಡಕಾಕತ್ತೀರಿ? ಕೊಡಾ ಬಿದ್ದೈತೇನು?"

"ಕೊಡಾ ಅಲ್ಲ ಆಯಿ, ಉಸಿರು ಬಿದ್ದೈತಿ" ಎಂದ ಬಾಹುಬಲಿ.

"ಹೌದಾ? ಸಿಕ್ಕಿತೇನು?"

ಅವನು ನಕ್ಕ. ಕಿವಿ ಹೋದ ಮೇಲೆ ಅವನು ನಕ್ಕದ್ದನ್ನು ನೋಡಿದ್ದು ಅದೇ ಮೊದಲು.

ಹಿನ್ನೀರು ಆ ಹೊತ್ತಿಗೆ ಬಹಳ ಕೆಳಗಿಳಿದಿತ್ತು. ಬಿರಿದ ಕೆಸರಿನ ಬಯಲು, ಅಲ್ಲಲ್ಲಿ ಮುಳುಗಡೆಯಾದ ಮನೆಗಳ ಗೋಡೆಯ ಬುಡ, ದಿನವಿಡೀ ಪಡುವಲ ಗಾಳಿ. ಜಾಕ್‌ವೆಲ್ಲಿಗೆ ದಂಡೆಯಿಂದ ಉದ್ದನೆಯ ಕಾಲುಸೇತುವೆ. ಅಲ್ಲಿ ಪಂಪು ನೋಡಿಕೊಳ್ಳುವ ಶಿವಲಿಂಗಪ್ಪ ಎಂಬ ಹಿರಿಯರು ಒಬ್ಬರೇ ಇರುತ್ತಿದ್ದರು. ನಾನು ಇಳಿಯುವ ಮೊದಲು, ಯಾರೂ ಮರೆತು ಚಾಲೂ ಮಾಡಬಾರದೆಂದು, ಬಾಹುಬಲಿ ಪಂಪಿನ ಫ್ಯೂಜುಗಳನ್ನು ಕಿತ್ತು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡು ಗುಂಡಿ ಹಾಕುತ್ತಿದ್ದ. ನಾನು ಕಬ್ಬಿಣದ ಏಣಿಯಲ್ಲಿ ಕತ್ತಲಿಗೆ ಇಳಿಯುತ್ತಿದ್ದೆ. ಬಾವಿಯ ತಳ, ಅಲ್ಲಿಂದ ಅಡ್ಡಕ್ಕೆ ಪೈಪು. ಹೊಟ್ಟೆಯ ಮೇಲೆ ತೆವಳಿ ಹೂಳನ್ನು ಬಕೀಟಿಗೆ ತುಂಬುವುದು, ಬಲೆ ಕತ್ತರಿಸುವುದು. ಆಗಾಗ ಸೊಂಟಕ್ಕೆ ಕಟ್ಟಿದ ಹಗ್ಗಕ್ಕೆ ಒಂದು ಜಗ್ಗು ಬರುತ್ತಿತ್ತು. ಕ್ಷೇಮವೇ ಎಂದು ಅರ್ಥ. ನಾನು ಒಂದು ಜಗ್ಗು ಕೊಡುತ್ತಿದ್ದೆ. ನನ್ನ ಉಸಿರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇಷ್ಟು ವರ್ಷ ಮುಳುಗಿದವನಿಗೆ ಆ ಸದ್ದು ಇಷ್ಟು ಜೋರು ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಇನ್ನೊಬ್ಬನ ಉಸಿರು ಯಾವಾಗಲೂ ಕೇಳುತ್ತಿತ್ತಲ್ಲ.

ಕೆಲಸ ಮುಗಿಯುತ್ತ ಬಂದಿತ್ತು. ಪೈಪಿನ ಆ ತುದಿಯ ಹತ್ತಿರ ಒಂದು ದಪ್ಪ ಬಲೆ ಸಿಕ್ಕಿಕೊಂಡಿತ್ತು. ಅದನ್ನು ಕೊಯ್ಯಲು ಮುಂದೆ ನುಗ್ಗಿದವನು ಸ್ವಲ್ಪ ತಲೆಯೆತ್ತಿದೆ. ಸಿಲಿಂಡರಿನ ತುದಿ ಪೈಪಿನ ನೆತ್ತಿಗೆ ಠಣ್ಣೆಂದು ಬಡಿಯಿತು. ಮರುಕ್ಷಣ ನನ್ನ ಕತ್ತಿನ ಹಿಂದೆ ಭೋರೆಂದು ಗಾಳಿ ಹೊರಟಿತು. ರೆಗ್ಯುಲೇಟರಿನ ತಲೆ ಸಿಲಿಂಡರಿಗೆ ಕಚ್ಚುವಲ್ಲಿದ್ದ ರಬ್ಬರಿನ ಬಳೆ ಕಿತ್ತುಬಂದಿತ್ತು. ವಾಲ್ವ್ ಮುಚ್ಚಲು ಕೈ ಹಿಂದಕ್ಕೆ ಎತ್ತಿದೆ, ಪೈಪಿನಲ್ಲಿ ಮೊಳಕೈ ಮಡಚಲು ಜಾಗವಿಲ್ಲ. ಹಿಂದಕ್ಕೆ ತೆವಳತೊಡಗಿದೆ. ಕಾಲಿಗೆ ಬಲೆಯ ಚೂರು ಸುತ್ತಿತ್ತು. ಹೂಳು ಕಲಕಿ ಕತ್ತಲೆ ಇನ್ನೂ ದಟ್ಟವಾಯಿತು. ಉಸಿರು ಮೊದಲು ಹಗುರವಾಗಿತ್ತು, ಆಮೇಲೆ ಬಿಗಿಯಾಯಿತು, ಆಮೇಲೆ ಎಳೆದರೂ ಬರಲಿಲ್ಲ. ಕೈ ತಾನಾಗಿ ಆಕ್ಟೋಪಸ್ಸನ್ನು ಹಿಡಿದು ಬಾಯಿಗಿಟ್ಟಿತು. ಅದರಲ್ಲಿ ಅರ್ಧ ಉಸಿರಿತ್ತು, ಅಷ್ಟೇ.

ಆಗ ನನ್ನ ಎಡಗೈ ಪಕ್ಕಕ್ಕೆ ಚಾಚಿತು. ಬಾಹುಬಲಿಯ ಭುಜ ಇರುತ್ತಿದ್ದ ಕಡೆಗೆ. ಕೈಗೆ ಪೈಪಿನ ಗೋಡೆ ಸಿಕ್ಕಿತು, ತಣ್ಣಗೆ, ಲೋಳೆ ಲೋಳೆಯಾಗಿ. ನನ್ನ ಜೀವಮಾನದಲ್ಲಿ ಅಷ್ಟು ಒಂಟಿಯಾಗಿ ನಾನು ಯಾವತ್ತೂ ಇರಲಿಲ್ಲ. ಅವ್ವ ಸತ್ತ ಸುದ್ದಿ ಹಡಗಿನಲ್ಲಿ ತಲುಪಿದ ದಿನ ಕೂಡ.

ಆಮೇಲೆ ಗದ್ದ ಬಗ್ಗಿಸಿದೆ. ರಬ್ಬರು ತುಟಿಗೆ ತಾಗಿತು. ಕಚ್ಚಿ, ಒಳಗಿದ್ದ ನೀರನ್ನು ಊದಿ ಹೊರಹಾಕಿ ಎಳೆದೆ. ಗಾಳಿ ಬಂತು. ಒಣಗಾಳಿ, ನಮ್ಮ ಕಂಪ್ರೆಸರಿನ ಎಣ್ಣೆಯ ವಾಸನೆ ಇದ್ದದ್ದು. ಇನ್ನೊಮ್ಮೆ ಎಳೆದೆ, ಮತ್ತೆ ಬಂತು. ಕಾಲು ಒದರಿ ಒದರಿ ಬಲೆಯನ್ನು ಬಿಡಿಸಿಕೊಂಡೆ. ಮೇಲಿನಿಂದ ಹಗ್ಗ ಜಗ್ಗಿತ್ತು ಎಂದು ಆಗ ಗಮನಕ್ಕೆ ಬಂತು. ಒಂದು ಜಗ್ಗು ಕೊಟ್ಟೆ.

ಮೇಲೆ ನಡೆದದ್ದನ್ನು ನನಗೆ ಹೇಳಿದವರು ಶಿವಲಿಂಗಪ್ಪ. ಬಾವಿಯ ನೀರು ಕುದಿಯುವ ಎಸರಿನ ಹಾಗೆ ಗುಳ್ಳೆ ಎದ್ದಿತು. ಬಾಹುಬಲಿ ಹಗ್ಗಕ್ಕೆ ಒಂದು ಜಗ್ಗು ಕೊಟ್ಟ. ಉತ್ತರವಿಲ್ಲ. ಮತ್ತೆ ಕೊಟ್ಟ. ಇಲ್ಲ.

"ಎಳೀರಿ, ಎಳೀರಿ ಅಂತ ನಾನೇ ಹಗ್ಗಕ್ಕ ಕೈ ಹಾಕಿದೆ" ಎಂದರು ಶಿವಲಿಂಗಪ್ಪ. "ನನ್ನ ದೂಡಿಬಿಟ್ರ್ಯಪಾ. ಎಳದ್ರ ಪೈಪಿನ ಬಾಯಾಗ ಅಡ್ಡ ಸಿಕ್ಕೊಂತಾನ, ತಾನ ಬರಬೇಕು ಅಂದ್ರು. ಆಮ್ಯಾಲೆ ಸುಮ್ಮನ ನಿಂತ್ರು. ಹಗ್ಗ ಕೈಯಾಗ. ಗುಳ್ಳಿ ನಿಂತ ಮ್ಯಾಲೂ ಹಂಗ ನಿಂತಿದ್ರು. ನನಗ ಅವರ ಮುಖ ನೋಡಾಕ ಆಗಲಿಲ್ಲ."

ನಾನು ಏಣಿ ಹತ್ತಿ ಬಂದು ಪಂಪಿನ ಮನೆಯ ನೆಲಕ್ಕೆ ಬಿದ್ದೆ. ಬಾಹುಬಲಿ ನನ್ನ ಮುಖವಾಡ ಕಿತ್ತೆಸೆದ. ಆರಾಮ ಇದ್ದೇನಿ ಎಂದು ನಾನು ಬಾಯಿಬಿಟ್ಟು ಹೇಳುತ್ತಿದ್ದೆ. ಅವನು ಅದನ್ನು ಕೇಳಿಸಿಕೊಳ್ಳದೆ ನನ್ನ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದ. ಹಗ್ಗ ಅವನ ಅಂಗೈಯ ಚರ್ಮ ಸುಲಿದಿತ್ತು. ಎಳೆಯದೆ ಬರೀ ಹಿಡಿದುಕೊಂಡ ಹಗ್ಗ.

ಎರಡು ದಿನ ಬಿಟ್ಟು ಬಳೆ ಬದಲಿಸಿ ಮತ್ತೆ ಇಳಿದೆ. ಬಾಹುಬಲಿಯೇ ಹಗ್ಗ ಹಿಡಿದ. ಬಲೆ ಕಿತ್ತುಬಂತು, ನೀರು ಹೋ ಎಂದು ಬಾವಿಗೆ ನುಗ್ಗಿತು. ಫ್ಯೂಜು ಹಾಕಿ ಪಂಪು ಚಾಲೂ ಮಾಡಿದರು. ದೂರದ ಹೊಲಗಳಲ್ಲಿ ನೀರು ಬಿದ್ದಿತಂತೆ, ಜನ ಕಾಯಿ ಒಡೆದರಂತೆ. ನಮಗೆ ಕೇಳಿದ್ದು ಮೋಟಾರಿನ ಸದ್ದು ಮಾತ್ರ.

ಆ ಸದ್ದಿನಲ್ಲೇ ಬಾಹುಬಲಿ ಹೇಳಿದ. "ನಾ ಇನ್ನ ಬರಂಗಿಲ್ಲೋ. ಊರಾಗ ಅಣ್ಣನ ಅಂಗಡಿ ಐತಿ, ಅಲ್ಲೇ ಕುಂದ್ರತೇನಿ."

"ಅವತ್ತಿಂದು ಮನಸಿಗೆ ಹಚಗೋಬ್ಯಾಡ. ನೀ ತಂದ ಬಾಟ್ಲಿಲೇ ನಾ ಉಳದೇನಿ."

"ಖರೆ. ಕೆಳಗ ನೀ ಒಬ್ಬಾಂವ ಅಂತ ಅದನ್ನ ತಂದೆ. ಮ್ಯಾಲೆ ನಾನೂ ಒಬ್ಬಾಂವನ ಇರ್ತೇನಿ. ನನಗ ಏನ ತರ್ತಿ?"

ಬೇಡ, ಹೋಗಬೇಡ ಎಂದು ಹೇಳಬೇಕೆಂದಿದ್ದೆ. ಅವನ ಅಂಗೈಗೆ ಕಟ್ಟಿದ್ದ ಬಟ್ಟೆ ನೋಡಿ ಹಗ್ಗ ಸುತ್ತಿಡತೊಡಗಿದೆ.

ಸಾಮಾನು ಕಟ್ಟುವ ದಿನ ಮೋಡ ಕವಿದಿತ್ತು. ಪಡುವಲ ಗಾಳಿಗೆ ಹಸಿ ವಾಸನೆ ಬಂದಿತ್ತು. ಎಲ್ಲವನ್ನೂ ಟೆಂಪೋಗೆ ಹೇರಿದ ಮೇಲೆ ಬಾಹುಬಲಿ ಸಣ್ಣ ಸಿಲಿಂಡರನ್ನು ಮಾತ್ರ ಕೈಯಲ್ಲಿ ಹಿಡಿದು ನಿಂತಿದ್ದ.

"ಇದರಾಗ ಗಾಳಿ ಐತಿ ಇನ್ನ. ಒಮ್ಮೆ ತಗೋತೇನಿ."

"ಡಾಕ್ಟರು..."

"ಕಿವಿ ತೋಯ್ಸಂಗಿಲ್ಲ."

ಪ್ಯಾಂಟು ಮೊಳಕಾಲಿನ ಮೇಲೆ ಮಡಚಿ ಹಿನ್ನೀರಿನ ಅಂಚಿಗೆ ಇಳಿದ. ಕಿವಿಗೆ ಎಣ್ಣೆಯ ಹತ್ತಿ ತುರುಕಿ, ಮುಖವಾಡ ಹಾಕಿಕೊಂಡು, ಆಳವಿಲ್ಲದ ನೀರಿನಲ್ಲಿ ಮೊಳಕಾಲೂರಿ ಕುಳಿತ. ಮುಖವೊಂದನ್ನೇ ನೀರಿಗೆ ಬಗ್ಗಿಸಿದ, ಕಿವಿಯ ಅಂಚಿನವರೆಗೆ. ಸಣ್ಣ ಅಲೆ ಬಂದರೆ ಒಳಗೆ ನೀರು ಹೋದೀತೆಂದು ನಾನು ಗಾಳಿಗೆ ಅಡ್ಡವಾಗಿ ಕುಳಿತು ಅವನ ಭುಜ ಹಿಡಿದುಕೊಂಡೆ. ಗುಳ್ಳೆಗಳು ಒಂದೇ ಲಯದಲ್ಲಿ ಎದ್ದವು. ಕೆಳಗೆ ಏನಿತ್ತು ನೋಡಲು? ಕೆಸರು, ಒಂದಿಷ್ಟು ಜೊಂಡು, ಬೆರಳುದ್ದದ ಮೀನುಗಳು. ಅವನು ಬಹಳ ಹೊತ್ತು ನೋಡಿದ. ಒಮ್ಮೆ ನಾನು ಭುಜ ಒತ್ತಿದೆ. ಅವನ ಕೈ ನೀರಿನಿಂದ ಮೇಲೆದ್ದು ನನ್ನ ಮೊಳಕಾಲನ್ನು ಒಮ್ಮೆ ಒತ್ತಿತು.

ಗುಳ್ಳೆ ವಿರಳವಾದವು. ಅವನು ತಲೆಯೆತ್ತಿ ಬಾಯಿಂದ ಅದನ್ನು ತೆಗೆದ. ಮುಖವಾಡದ ಒಳಗಡೆ ಕೆಳಗೆ ಒಂದಿಷ್ಟು ನೀರು ನಿಂತಿತ್ತು. ಆ ಮುಖವಾಡ ಎಂದೂ ಸೋರಿದ್ದಿಲ್ಲ.

"ಮುಗೀತು" ಎಂದ.

ಹುಕ್ಕೇರಿಯವರೆಗೆ ಟೆಂಪೋದಲ್ಲಿ ಜೊತೆಗೇ ಬಂದೆವು. ಹೊತ್ತು ಮುಳುಗುವ ಮೊದಲು ಉಣ್ಣಬೇಕೆಂದು ಅವನು ಅಲ್ಲೇ ಇಳಿದು ಊರಿನ ಬಸ್ಸು ಹತ್ತಿದ. ನಾನು ಸಾಮಾನಿನ ಜೊತೆ ಘಟಪ್ರಭಾಕ್ಕೆ ಹೋದೆ. ದಾರಿಯಲ್ಲಿ ಮಳೆ ಹಿಡಿಯಿತು.

ಆಮೇಲೆ ಇನ್ನೂ ಕೆಲವು ವರ್ಷ ನಾನು ಮುಳುಗಿದೆ. ಹಗ್ಗ ಹಿಡಿಯಲು ಬೇರೆ ಬೇರೆಯವರು ಬಂದರು, ಒಳ್ಳೆಯವರೇ. ಬಾಗೇವಾಡಿಯ ಕಡೆ ಹೋದಾಗ ಬಾಹುಬಲಿಯ ಅಂಗಡಿಗೆ ಹೋಗುತ್ತೇನೆ. ಚಹಾ ತರಿಸುತ್ತಾನೆ, ಬಲಗಿವಿ ನನ್ನ ಕಡೆ ತಿರುಗಿಸಿ ಕೂರುತ್ತಾನೆ. ಬೆಲ್ಲದ ಧಾರಣಿ, ಮಕ್ಕಳ ಓದು, ಯಾರ್ಯಾರ ಮೊಣಕಾಲು ನೋವು, ಎಲ್ಲ ಮಾತಾಡುತ್ತೇವೆ. ನೀರಿನ ಮಾತು ಒಮ್ಮೆಯೂ ಬಂದಿಲ್ಲ.